ಕೊಡಗಿಗೆ ವಿರೋಧ ಪಕ್ಷದ ಬೆಂಚಿನಲ್ಲಿ ಯಾರಿದ್ದಾರೆ?

(ಮಡಿಕೇರಿಯಲ್ಲಿ ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. 224 ಸ್ಥಾನಗಳ ವಿಧಾನಸಭೆಯಲ್ಲಿ ಕೊಡಗಿಗೆ ಇರುವುದು ಎರಡು, ಮಡಿಕೇರಿ ಮತ್ತು ವಿರಾಜಪೇಟೆ. 2008ರ ಕ್ಷೇತ್ರ ಮರುವಿಂಗಡಣೆಗೆ ಮುಂಚೆ ಸೋಮವಾರಪೇಟೆಯೂ ಸೇರಿ ಮೂರಿದ್ದವು. ಲೋಕಸಭೆಯಲ್ಲಂತೂ ನಮಗೆ ಸ್ವಂತದ್ದೆನ್ನುವ ಸ್ಥಾನವೇ ಇಲ್ಲ. ಮೈಸೂರು-ಕೊಡಗು ಕ್ಷೇತ್ರದೊಳಗಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಆರು ಮೈಸೂರು ಜಿಲ್ಲೆಯವು. ಚುನಾವಣೆಯ ಗಣಿತದಲ್ಲಿ ನಮ್ಮ ಮತ ಕಡಿಮೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಎಲ್ಲ ಸಭೆಯಲ್ಲೂ ಯಾರಾದರೂ ಹೇಳಿ ಬೇಸರಪಡುವ ಸಂಗತಿ.

ನಾನು ಇವತ್ತು ಹೇಳಬೇಕೆಂದಿರುವುದು ಅದರ ಪಕ್ಕದಲ್ಲೇ ಇರುವ ಇನ್ನೊಂದು ಮಾತು. 2023ರ ಚುನಾವಣೆಯ ಬಳಿಕ ನಮ್ಮ ಇಬ್ಬರು ಶಾಸಕರೂ ಬೆಂಗಳೂರಿನಲ್ಲಿ ಆಡಳಿತ ಪಕ್ಷದವರು. 2024ರಲ್ಲಿ ಆಯ್ಕೆಯಾದ ಸಂಸದರು ದೆಹಲಿಯಲ್ಲಿ ಆಡಳಿತ ಪಕ್ಷದವರು. ಎರಡು ಕಡೆ ಎರಡು ಬೇರೆ ಪಕ್ಷ, ಆದರೆ ಎರಡು ಕಡೆಯೂ ಸರ್ಕಾರದ ಸಾಲಿನಲ್ಲೇ ಕುಳಿತವರು. ವಿಧಾನ ಪರಿಷತ್ತಿನ ಮಾತು ಬಿಟ್ಟರೆ, ನಾವು ನೇರವಾಗಿ ಆರಿಸಿ ಕಳಿಸಿದವರಲ್ಲಿ ಒಬ್ಬರೂ ವಿರೋಧ ಪಕ್ಷದ ಬೆಂಚಿನಲ್ಲಿಲ್ಲ. ಇದು ಅನುಕೂಲ ಎಂದು ಹಲವರು ನಂಬಿದ್ದಾರೆ. ಅನುದಾನ ತರಲು ಅನುಕೂಲ ಇರಬಹುದು. ಸರ್ಕಾರದ ಬಾಯಿಂದ ಲಿಖಿತ ಉತ್ತರ ಹೊರಡಿಸಲು ಇದು ಅನುಕೂಲವಲ್ಲ ಎಂಬುದು ನನ್ನ ಅಭಿಪ್ರಾಯ. ಕೊಡಗಿನಂಥ ಸಣ್ಣ ಜಿಲ್ಲೆಗೆ ಅನುದಾನದಷ್ಟೇ ಆ ಲಿಖಿತ ಉತ್ತರವೂ ಬೇಕು.

ನಮಗೂ ಒಂದು ಕಾಲದಲ್ಲಿ ಸ್ವಂತ ವಿಧಾನಸಭೆ ಇತ್ತು, ಇಲ್ಲೇ ಈ ಊರಿನಲ್ಲಿ. 1952ರ ಚುನಾವಣೆಯಲ್ಲಿ ಕೊಡಗು 'ಸಿ' ದರ್ಜೆಯ, ಅಂದರೆ ಕೇಂದ್ರದ ಹತೋಟಿಯಲ್ಲಿದ್ದ ಸಣ್ಣ ರಾಜ್ಯವಾಗಿ 24 ಜನರನ್ನು ಆರಿಸಿತು. ಕಾಂಗ್ರೆಸ್ಸಿಗೆ 15, ಪ್ರತ್ಯೇಕ ರಾಜ್ಯ ಉಳಿಯಬೇಕೆಂದು ನಿಂತ ತಕ್ಕಡಿ ಬಣಕ್ಕೆ 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಆಚೆ ಬದಿಯ ರಾಜಕೀಯಕ್ಕೆ ನಾಯಕರಾಗಿದ್ದವರು ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪ. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೆ ಅದು ನಡೆಯಿತು. ವಿಲೀನ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ, ಅದಕ್ಕೆ ಬೇರೆಯೇ ಒಂದು ಸಂಜೆ ಬೇಕು. ಪ್ರಮಾಣವನ್ನು ಮಾತ್ರ ನೋಡಿ. ಇಷ್ಟೇ ಅಗಲದ ನಾಡಿಗೆ ಎದುರು ಕೂತು ಕೇಳುವವರು ಒಂಬತ್ತು ಮಂದಿ. ಪುಟ್ಟ ಸಂಪುಟ, ಅದರ ಒಂದೊಂದು ನಿರ್ಧಾರಕ್ಕೂ ಕೈಯಳತೆಯಲ್ಲೇ ಪ್ರಶ್ನೆ. ಆ ಒಂಬತ್ತರ ಜಾಗದಲ್ಲಿ ಇಂದು ಸೊನ್ನೆ.

ಹಾಗಾದರೆ ವಿರೋಧ ಪಕ್ಷದ ಸದಸ್ಯ ಸದನದಲ್ಲಿ ಏನು ಮಾಡಬಲ್ಲ? ಸಂಖ್ಯೆ ಇಲ್ಲ, ಮತಕ್ಕೆ ಹಾಕಿದರೆ ಸೋಲು. ಆದರೂ ಏನು ಸಾಧ್ಯ ಎಂಬುದಕ್ಕೆ ಒಂದು ಹಳೆಯ ಪ್ರಸಂಗ ಹೇಳುತ್ತೇನೆ.

1963ರ ಆಗಸ್ಟ್. ಚೀನಾ ಯುದ್ಧ ಮುಗಿದು ಒಂದು ವರ್ಷವೂ ಆಗಿಲ್ಲ. ಲೋಕಸಭೆಯ ಇತಿಹಾಸದಲ್ಲೇ ಮೊದಲ ಅವಿಶ್ವಾಸ ಗೊತ್ತುವಳಿಯನ್ನು ಆಚಾರ್ಯ ಕೃಪಲಾನಿ ಮಂಡಿಸುತ್ತಾರೆ. ಫರೂಕಾಬಾದ್ ಉಪಚುನಾವಣೆ ಗೆದ್ದು ಆಗಷ್ಟೇ ಸದನಕ್ಕೆ ಬಂದಿದ್ದ ರಾಮಮನೋಹರ ಲೋಹಿಯಾ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ (ಹದಿನಾರು ಆಣೆಗೆ ಒಂದು ರೂಪಾಯಿ) ಬದುಕುತ್ತಿದ್ದಾರೆ, ಪ್ರಧಾನಿಯೊಬ್ಬರ ಮೇಲಿನ ಖರ್ಚು ದಿನಕ್ಕೆ 25,000 ರೂಪಾಯಿ ಎನ್ನುತ್ತಾರೆ. ನೆಹರೂ ಒಪ್ಪಲಿಲ್ಲ. ಯೋಜನಾ ಆಯೋಗದ ಅಂಕಿ ಮುಂದಿಟ್ಟು ಹದಿನೈದು ಆಣೆ ಎಂದರು. ವಾದ ಅಲ್ಲಿಗೆ ಮುಗಿಯಲಿಲ್ಲ. ಸೆಪ್ಟೆಂಬರಿನಲ್ಲಿ ಇದಕ್ಕೆಂದೇ ಮತ್ತೆ ಚರ್ಚೆ ನಡೆಯಿತು. ಯೋಜನಾ ಸಚಿವ ಗುಲ್ಜಾರಿಲಾಲ್ ನಂದಾ ಏಳೂವರೆ ಆಣೆಯ ಲೆಕ್ಕ ಕೊಟ್ಟರು.

ಅವಿಶ್ವಾಸ ಗೊತ್ತುವಳಿ 62ಕ್ಕೆ 347 ಮತಗಳಿಂದ ಬಿದ್ದುಹೋಯಿತು. ಮತದ ಲೆಕ್ಕದಲ್ಲಿ ಅದು ಹೀನಾಯ ಸೋಲು. ಆದರೆ ಬಡವನ ದಿನದ ಸಂಪಾದನೆ ಎಷ್ಟು ಎಂಬುದಕ್ಕೆ ಸರ್ಕಾರ ಒಂದು ಅಂಕಿ ಹೇಳಲೇಬೇಕಾಯಿತು, ಹೇಳಿದ ಅಂಕಿಯನ್ನು ಸಮರ್ಥಿಸಿಕೊಳ್ಳಬೇಕಾಯಿತು, ಆಮೇಲೆ ಅದರ ಅರ್ಧಕ್ಕೆ ಇಳಿದು ಮಾತಾಡಬೇಕಾಯಿತು. ಇವೆಲ್ಲ ನಡಾವಳಿಯಲ್ಲಿ ಅಚ್ಚಾಗಿವೆ. ಅರವತ್ತು ವರ್ಷ ಕಳೆದ ಮೇಲೂ ನಾವು ಅದನ್ನು ತೆಗೆದು ಓದಬಹುದು. ವಿರೋಧ ಪಕ್ಷದ ಸದಸ್ಯನ ದುಡಿಮೆ ಎಂದರೆ ನನ್ನ ಮಟ್ಟಿಗೆ ಇದೇ: ಸರ್ಕಾರ ಹೇಳಲು ಇಷ್ಟಪಡದ್ದನ್ನು ಸರ್ಕಾರದ ಬಾಯಿಂದಲೇ ಹೇಳಿಸಿ ಕಡತಕ್ಕೆ ಬರಿಸುವುದು.

ಭಾಷಣಕ್ಕಿಂತ ಪ್ರಶ್ನೆಯಿಂದ ಈ ಕೆಲಸ ಚೆನ್ನಾಗಿ ಆಗುತ್ತದೆ. ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ಅವಧಿ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಇವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದವು 230, ಇವಕ್ಕೆ ಲಿಖಿತ ಉತ್ತರ. 15 ದಿನ ಮೊದಲೇ ಸೂಚನೆ ಕೊಡಬೇಕು. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆ ಚೀಟಿಗೆ ಪಕ್ಷ ಗೊತ್ತಿಲ್ಲ, ಕ್ಷೇತ್ರದ ಮತದಾರರ ಸಂಖ್ಯೆಯೂ ಗೊತ್ತಿಲ್ಲ. ಸಂಸತ್ತಿನ ಇಡೀ ವ್ಯವಸ್ಥೆಯಲ್ಲಿ ಸಣ್ಣವನಿಗೂ ದೊಡ್ಡವನಿಗೂ ಇಷ್ಟು ಸಮನಾದ ಜಾಗ ಬೇರೆಲ್ಲೂ ನನಗೆ ಕಂಡಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆಯ ನಿಜವಾದ ಬೆಲೆ ಇರುವುದು ಉಪಪ್ರಶ್ನೆಯಲ್ಲಿ, ಅಂದರೆ ಉತ್ತರದ ಬೆನ್ನಲ್ಲೇ ಅಲ್ಲೇ ಎದ್ದು ಕೇಳುವ ಪ್ರಶ್ನೆಯಲ್ಲಿ. ಲಿಖಿತ ಉತ್ತರವನ್ನು ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ. ಉಪಪ್ರಶ್ನೆಗೆ ಸಚಿವರು ತಾವೇ ಬಾಯಿಬಿಡಬೇಕು. ವಿಷಯ ಅರಗಿಸಿಕೊಂಡ ಸಚಿವರು ಯಾರು, ಚೀಟಿ ಓದುವವರು ಯಾರು ಎಂಬುದು ಅಲ್ಲಿ ಬಯಲಾಗುತ್ತದೆ. ಕೇಳುವವರ ಬಂಡವಾಳವೂ ಅಲ್ಲೇ ಬಯಲಾಗುತ್ತದೆ ಅನ್ನಿ.

ನಮ್ಮ ವಿಧಾನಸಭೆಯ ಉತ್ತರದ ಹಾಳೆಯನ್ನು ನೋಡಿದವರು ಇಲ್ಲಿ ಎಷ್ಟು ಮಂದಿ ಇದ್ದೀರೋ. ಎಲ್ಲ ಜಾಲತಾಣದಲ್ಲಿ ಸಿಗುತ್ತವೆ, ದಯವಿಟ್ಟು ನೋಡಿ. ಮೇಲೆ ಸದಸ್ಯರ ಹೆಸರು, ಉತ್ತರಿಸುವ ಸಚಿವರ ಹೆಸರು, ದಿನಾಂಕ. ಕೆಳಗೆ ಎರಡು ಅಂಕಣ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಎಂದು ಒಡೆದಿರುತ್ತಾರೆ. ಮಾದರಿಗೆ ನಾನೇ ಒಂದು ಬರೆದುಕೊಂಡು ಬಂದಿದ್ದೇನೆ. ಅ) ಕೊಡಗು ಜಿಲ್ಲೆಯಲ್ಲಿ ಕಾಡಾನೆ ಹಾವಳಿ ಹೆಚ್ಚಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: ಬಂದಿದೆ. ಆ) ಹಾಗಿದ್ದಲ್ಲಿ, ಕೈಗೊಂಡಿರುವ ಕ್ರಮಗಳೇನು? ಉತ್ತರ: ಸೋಲಾರ್ ಬೇಲಿ, ಆನೆ ಕಂದಕ, ರೈಲು ಕಂಬಿಯ ತಡೆಗೋಡೆ ಹೀಗೆ ಒಂದು ಪಟ್ಟಿ, ವಿವರ ಅನುಬಂಧದಲ್ಲಿ. ಇ) ಕ್ರಮ ಕೈಗೊಳ್ಳದಿದ್ದಲ್ಲಿ, ಕಾರಣವೇನು? ಉತ್ತರ: ಉದ್ಭವಿಸುವುದಿಲ್ಲ.

ಈ ನಾಲ್ಕು ಸಾಲಿನಲ್ಲಿ ಯಾವ ಬೆಳೆಗಾರನಿಗೂ, ಬೆಳಗ್ಗೆ ತೋಟದ ಕೂಲಿ ಲೈನ್‌ಮನೆಯಿಂದ ಹೊರಟು ತೋಟದ ದಾರಿಯಲ್ಲಿ ಆನೆಗೆ ಎದುರಾಗುವ ಯಾವ ಕಾರ್ಮಿಕಳಿಗೂ ಕಾಸಿನ ಪ್ರಯೋಜನವಿಲ್ಲ. ಉತ್ತರ ಕೊಟ್ಟವರನ್ನು ಬೈದು ಪ್ರಯೋಜನವಿಲ್ಲ, ಪ್ರಶ್ನೆಯೇ ಹಾಗಿದೆ. 'ಗಮನಕ್ಕೆ ಬಂದಿದೆಯೇ' ಎಂದು ಕೇಳಿದರೆ 'ಬಂದಿದೆ' ಎನ್ನದೆ ಇನ್ನೇನನ್ನಬೇಕು? ಅದೇ ಪ್ರಶ್ನೆಯನ್ನು ಹೀಗೆ ಕೇಳಿ ನೋಡಿ. ಮಡಿಕೇರಿ ಮತ್ತು ವಿರಾಜಪೇಟೆ ಅರಣ್ಯ ವಿಭಾಗಗಳಲ್ಲಿ ರೈಲು ಕಂಬಿಯ ತಡೆಗೋಡೆ ಎಷ್ಟು ಕಿಲೋಮೀಟರ್ ಮಂಜೂರಾಗಿತ್ತು? ವಲಯವಾರು ಎಷ್ಟು ಮುಗಿದಿದೆ? ಮುಗಿಯದ ಪ್ರತಿ ತುಂಡಿಗೂ ಕಾರಣವೇನು? ಬೆಳೆ ಪರಿಹಾರಕ್ಕೆ ಬಂದ ಅರ್ಜಿಗಳಲ್ಲಿ ಆರು ತಿಂಗಳು ಮೀರಿ ಬಾಕಿ ಇರುವವು ಎಷ್ಟು? ಈಗ 'ಉದ್ಭವಿಸುವುದಿಲ್ಲ' ಎನ್ನಲು ಜಾಗವಿಲ್ಲ. ಸುಳ್ಳು ಹೇಳಿದರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ತಪ್ಪು. ನಿಜ ಹೇಳಿದರೆ ನಮ್ಮ ಕೈಗೆ ಒಂದು ದಾಖಲೆ.

ಇದೇ ಆನೆಯ ಪ್ರಶ್ನೆಯನ್ನು ದೆಹಲಿಯಲ್ಲಿ ಕೇಳಿದರೆ, ವನ್ಯಜೀವಿ ನಿರ್ವಹಣೆ ಮುಖ್ಯವಾಗಿ ರಾಜ್ಯ ಸರ್ಕಾರಗಳ ಹೊಣೆ ಎಂಬ ವಾಕ್ಯದಿಂದ ಉತ್ತರ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಕೇಳಿದರೆ ಕೇಂದ್ರದ ಅನುದಾನ ಸಾಲದು ಎಂದು ಮುಗಿಯುತ್ತದೆ. 1992ರಿಂದ ಆನೆ ಯೋಜನೆ ಎಂಬ ಕೇಂದ್ರದ ಯೋಜನೆಯೇ ಇದೆ. ಆದ್ದರಿಂದ ಎರಡೂ ಸದನಗಳಲ್ಲಿ ಒಂದೇ ಅಧಿವೇಶನ ಕಾಲದಲ್ಲಿ, ಒಂದೇ ಅಂಕಿ ಕೇಳಬೇಕು. ಎಷ್ಟು ಕಳಿಸಿದಿರಿ, ಎಷ್ಟು ಬಂತು, ಎಷ್ಟು ಖರ್ಚಾಯಿತು. ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ಯಾರು ಜಾರಿಕೊಳ್ಳುತ್ತಿದ್ದಾರೆ ಎಂದು ಶಾಲೆಯ ಮಗುವಿಗೂ ತಿಳಿಯುತ್ತದೆ.

ಸಂಸತ್ತಿನ ಉತ್ತರಗಳಲ್ಲಿ ಇನ್ನೊಂದು ಜಾಣತನ ಉಂಟು. ಸದಸ್ಯರು ನಾಲ್ಕು ಭಾಗ ಮಾಡಿ ಕೇಳಿರುತ್ತಾರೆ. ಉತ್ತರ 'ಎ ಯಿಂದ ಡಿ ವರೆಗೆ' ಎಂದು ಒಟ್ಟಿಗೇ ಬರುತ್ತದೆ. ಒಂದು ಪುಟ ಇರುತ್ತದೆ, ಓದಲು ಸೊಗಸಾಗಿಯೂ ಇರುತ್ತದೆ. ಆದರೆ ಸಿ ಭಾಗದಲ್ಲಿ ಕೇಳಿದ ಖಚಿತ ಪ್ರಶ್ನೆಗೆ ಆ ಪುಟದಲ್ಲಿ ಉತ್ತರವೇ ಇರುವುದಿಲ್ಲ. ಎಚ್ಚರದ ಸದಸ್ಯರು ಅದನ್ನು ಹಿಡಿದು ಉಪಪ್ರಶ್ನೆ ಹಾಕುತ್ತಾರೆ, ಅಥವಾ ಆ ಉತ್ತರದ ಮೇಲೆಯೇ ಅರ್ಧ ಗಂಟೆಯ ಚರ್ಚೆಗೆ ಸೂಚನೆ ಕೊಡುತ್ತಾರೆ. ಎಚ್ಚರವಿಲ್ಲದವರು ಉತ್ತರದ ಪ್ರತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ.

ಕೊಡವ ಭಾಷೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೆ ಸೇರಿಸುವ ಬೇಡಿಕೆ ನಿಮಗೆಲ್ಲ ಗೊತ್ತು. ಈ ಬಗ್ಗೆ ಸಂಸತ್ತಿನಲ್ಲಿ ಬೇರೆ ಬೇರೆ ರಾಜ್ಯಗಳ ಸದಸ್ಯರು, ತಂತಮ್ಮ ಭಾಷೆಯ ಪರವಾಗಿ, ಅನೇಕ ಸಲ ಕೇಳಿದ್ದಾರೆ. ಗೃಹ ಸಚಿವಾಲಯದ ಉತ್ತರ ಹೆಚ್ಚುಕಡಿಮೆ ಒಂದೇ: 38 ಭಾಷೆಗಳಿಂದ ಬೇಡಿಕೆ ಬಂದಿದೆ (ಆ ಪಟ್ಟಿಯಲ್ಲಿ ಕೊಡವವೂ ಇದೆ, ತುಳುವೂ ಇದೆ), ಸೇರಿಸಲು ಮಾನದಂಡ ನಿಗದಿಪಡಿಸುವ ಯತ್ನ 1996ರ ಪಾಹ್ವಾ ಸಮಿತಿಯಲ್ಲೂ 2003ರ ಸೀತಾಕಾಂತ ಮಹಾಪಾತ್ರ ಸಮಿತಿಯಲ್ಲೂ ನಡೆದು ಫಲ ಕೊಡಲಿಲ್ಲ, ಇದಕ್ಕೆ ಕಾಲಮಿತಿ ಹಾಕಲು ಆಗುವುದಿಲ್ಲ. ಸರ್ಕಾರಗಳು ಬದಲಾದರೂ ಈ ಉತ್ತರ ಬದಲಾಗಿಲ್ಲ. ನಾನು ಇದರಿಂದ ನಿರಾಶನಾಗಿಲ್ಲ. ಮಾನದಂಡವೇ ಇಲ್ಲ ಎಂದು ಸರ್ಕಾರವೇ ಬರೆದುಕೊಟ್ಟಿದೆಯಲ್ಲ, ಅದೇ ಮುಂದಿನ ಪ್ರಶ್ನೆಗೆ ಬುನಾದಿ. 2003ರಲ್ಲೇ ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿದವು. ಅವನ್ನು ಯಾವ ಅಳತೆಯಿಂದ ಅಳೆದಿರಿ ಎಂದು ಕೇಳಬೇಕು. ಕೇಳುವವರು ಬೇಕು.

ಭಾಷೆಯ ಮಾತು ಬಂದಾಗ ಜೆ.ಎಚ್. ಪಟೇಲರನ್ನು ನೆನೆಯದಿರಲಾರೆ. 1967ರಲ್ಲಿ ಶಿವಮೊಗ್ಗದಿಂದ ಸಂಯುಕ್ತ ಸಮಾಜವಾದಿ ಪಕ್ಷದ ಸದಸ್ಯರಾಗಿ ಲೋಕಸಭೆಗೆ ಹೋದವರು ಅಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು. ಅವರದೂ ವಿರೋಧ ಪಕ್ಷದ ಬೆಂಚೇ. ಸಂವಿಧಾನದ 120ನೇ ವಿಧಿ, ಹಿಂದಿ ಇಂಗ್ಲಿಷಿನಲ್ಲಿ ಹೇಳಿಕೊಳ್ಳಲಾಗದವರು ಮಾತೃಭಾಷೆಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದೆನ್ನುತ್ತದೆ. ಅಲ್ಲಿ ಎಂಟನೇ ಪರಿಚ್ಛೇದದ ಷರತ್ತಿಲ್ಲ ಎಂಬುದನ್ನು ನಮ್ಮವರು ಗಮನಿಸಬೇಕು.

ಅವರಿಗಿಂತ ಹಿಂದಿನವರು ಶಾಂತವೇರಿ ಗೋಪಾಲಗೌಡರು. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದಿಂದ ಬಂದವರು, 1952ರಲ್ಲಿ ಮೈಸೂರು ವಿಧಾನಸಭೆಗೆ. ಗೇಣಿದಾರನ ಪರವಾಗಿ ವರ್ಷಗಟ್ಟಲೆ ಮಾತಾಡಿದರು. ಮಂತ್ರಿಯಾಗಲಿಲ್ಲ. 1972ರಲ್ಲಿ ತೀರಿಕೊಂಡರು. ಉಳುವವನೇ ಹೊಲದೊಡೆಯ ಎಂಬುದು ದೇವರಾಜ ಅರಸು ಕಾಲದಲ್ಲಿ, 1974ರ ತಿದ್ದುಪಡಿಯಿಂದ ಜೋರಾಗಿ ಜಾರಿಯಾಯಿತು. ಕೀರ್ತಿ ಅರಸರಿಗೆ ಸಲ್ಲಬೇಕಾದದ್ದೇ. ಆದರೆ ಆ ನೆಲ ಹದ ಮಾಡಿದ ಮಾತುಗಳು ಎದುರು ಬೆಂಚಿನಿಂದ ಬಂದಿದ್ದವು.

ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸದಸ್ಯರು ತರುವ ಮಸೂದೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವಾತಂತ್ರ್ಯಾನಂತರ ಕಾನೂನಾದವು 14, ಕೊನೆಯದು 1970ರಲ್ಲಿ. ಹಾಗೆಂದು ಅದು ವ್ಯರ್ಥವಲ್ಲ. 2015ರಲ್ಲಿ ಡಿಎಂಕೆಯ ತಿರುಚ್ಚಿ ಶಿವಾ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ಲೋಕಸಭೆಯಲ್ಲಿ ದಡ ಮುಟ್ಟಲಿಲ್ಲ, ಆದರೆ ಸರ್ಕಾರ ತನ್ನದೇ ಮಸೂದೆ ತರಬೇಕಾಯಿತು, 2019ರಲ್ಲಿ ಕಾಯ್ದೆಯಾಯಿತು.

ಈಗ ಕಹಿ ಮಾತು. ಈ ಆಯುಧವನ್ನು ಎಲ್ಲರೂ ಸೇರಿ ಮೊಂಡು ಮಾಡಿದ್ದೇವೆ. 2005ರಲ್ಲಿ ಪ್ರಶ್ನೆ ಕೇಳಲು ಹಣ ಪಡೆದರೆಂದು 11 ಸಂಸದರು ಸದಸ್ಯತ್ವ ಕಳೆದುಕೊಂಡರು. ಅವರಲ್ಲಿ ಬೇರೆ ಬೇರೆ ಪಕ್ಷದವರಿದ್ದರು. 2020ರ ಮುಂಗಾರು ಅಧಿವೇಶನದಲ್ಲಿ ಕೊರೊನಾ ಕಾರಣ ಹೇಳಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರು. 2023ರ ಡಿಸೆಂಬರಿನಲ್ಲಿ ಎರಡೂ ಸದನಗಳಿಂದ ವಿರೋಧ ಪಕ್ಷಗಳ 146 ಸದಸ್ಯರನ್ನು ಅಮಾನತು ಮಾಡಿದಾಗ ಅವರ ಹೆಸರಿನಲ್ಲಿದ್ದ ಪ್ರಶ್ನೆಗಳೂ ಪಟ್ಟಿಯಿಂದ ಹೋದವು. ಒಬ್ಬ ಸದಸ್ಯನನ್ನು ಹೊರಗೆ ಕಳಿಸಬಹುದು, ಅವನ ಮೂಲಕ ಲಕ್ಷಾಂತರ ಜನ ಕೇಳಿದ ಪ್ರಶ್ನೆಯನ್ನೂ ಕಳಿಸಿದ್ದು ನನಗೆ ಇಂದಿಗೂ ಸಹಿಸಲಾಗುವುದಿಲ್ಲ. ಹಾಗೆಯೇ ವಿರೋಧ ಪಕ್ಷದವರಿಗೂ ಒಂದು ಮಾತು. ಸದನದ ಬಾವಿಗಿಳಿದು ಕೂಗಾಡಿ ಪ್ರಶ್ನೋತ್ತರ ಅವಧಿ ಮುಂದೂಡಿದ ದಿನ ಸಚಿವರಿಗೆ ಆಗುವಷ್ಟು ನೆಮ್ಮದಿ ಇನ್ಯಾರಿಗೂ ಆಗುವುದಿಲ್ಲ. ಬೆಂಗಳೂರು, ಬೆಳಗಾವಿ ಅಧಿವೇಶನಗಳಲ್ಲೂ ಇದನ್ನೇ ಕಾಣುತ್ತಿದ್ದೇವೆ. ಧರಣಿಗೆ ಬೇರೆ ಹೊತ್ತು ಇಟ್ಟುಕೊಳ್ಳಿ, ಆ ಒಂದು ಗಂಟೆಯನ್ನು ಮುಟ್ಟಬೇಡಿ.

ನಮ್ಮ ಕೆಲಸವೇನು ಎಂಬುದಕ್ಕೆ ಬರುತ್ತೇನೆ. ಪ್ರಶ್ನೆ ಕೇಳಲು ಸದಸ್ಯ ನಮ್ಮ ಕ್ಷೇತ್ರದವರೇ ಆಗಬೇಕಿಲ್ಲ. ಕೊಡಗಿನ ಕಾಫಿಯ ಬಗ್ಗೆ ವಯನಾಡಿನವರು ಕೇಳಬಹುದು, ಚಿಕ್ಕಮಗಳೂರಿನವರು ಕೇಳಬಹುದು, ರಾಜ್ಯಸಭೆಯ ಯಾರೂ ಕೇಳಬಹುದು. ಕಾಳುಮೆಣಸಿನ ವಿಷಯ ನೋಡಿ. ವಿಯೆಟ್ನಾಂ ಮೆಣಸು ಶ್ರೀಲಂಕಾದ ದಾರಿಯಾಗಿ ಬಂದು ನಮ್ಮ ಬೆಲೆ ಬೀಳುತ್ತಿದೆ ಎಂಬ ಬೆಳೆಗಾರರ ಕೂಗಿಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು. ಹಾಗಾದರೆ ಕೇಳಬೇಕಾದ್ದು ಬೆಲೆ ಕುಸಿತ ಗಮನಕ್ಕೆ ಬಂದಿದೆಯೇ ಎಂದಲ್ಲ. ಯಾವ ಬಂದರಿಗೆ, ಯಾವ ತಿಂಗಳು, ಎಷ್ಟು ಟನ್, ಯಾವ ದೇಶದ ಮೂಲ ಪ್ರಮಾಣಪತ್ರದಡಿ, ಎಷ್ಟು ಪ್ರಮಾಣಪತ್ರಗಳನ್ನು ತನಿಖೆಗೆ ಒಳಪಡಿಸಿದಿರಿ. ಇದು ಇಡುಕ್ಕಿಯ ಸದಸ್ಯರಿಗೂ ಬೇಕಾದ ಮಾಹಿತಿ, ಅವರು ಸಂತೋಷದಿಂದ ಕೇಳುತ್ತಾರೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಮಂಜೂರಾದ ವಿಜ್ಞಾನಿ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಎಂಬ ಒಂದೇ ಸಾಲಿನ ಪ್ರಶ್ನೆಯನ್ನು ಪ್ರತಿ ವರ್ಷ ಕೇಳಿಸಿದರೂ ಸಾಕು. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ (ಇಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ 2029ರವರೆಗೆ ಮಾತ್ರ ಇದೆ. ಮುಗಿಯುವ ತಿಂಗಳಲ್ಲಿ ಓಡಾಡುವ ಬದಲು ಈಗಿನಿಂದಲೇ ಗೃಹ ಸಚಿವಾಲಯದ ನಿಲುವನ್ನು ಸದನದಲ್ಲಿ ಹೇಳಿಸಬೇಕು.

ಉತ್ತರ ಬಂದ ಮೇಲೂ ಕೆಲಸವಿದೆ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ', 'ಪರಿಶೀಲಿಸಲಾಗುವುದು' ಎಂದು ಸಚಿವರು ಹೇಳಿದರೆ ಅದು ಭರವಸೆ ಎಂದೇ ಲೆಕ್ಕ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ, ಮೂರು ತಿಂಗಳಲ್ಲಿ ಈಡೇರಿಸಬೇಕೆಂಬ ನಿಯಮವಿದೆ. ನಮ್ಮ ವಿಧಾನಮಂಡಲದಲ್ಲೂ ಇಂಥ ಸಮಿತಿ ಇದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದ ಮೇಲೆ ಸದನದಲ್ಲಿ ಎಷ್ಟೆಷ್ಟೋ ಮಾತು ಬಂದವು. ಕೊಚ್ಚಿಹೋದ ತೋಟಗಳ ಬಗ್ಗೆ, ದಾಖಲೆ ಇಲ್ಲದ ಮನೆಗಳ ಬಗ್ಗೆ, ಬಾಡಿಗೆ ಮನೆಯಲ್ಲಿದ್ದ ಕಾರ್ಮಿಕರ ಬಗ್ಗೆ ಏನು ಭರವಸೆ ಕೊಟ್ಟಿದ್ದರು, ಎಷ್ಟು ಈಡೇರಿತು ಎಂದು ಒಂದೊಂದಾಗಿ ಪಟ್ಟಿ ಮಾಡುವುದು ಇಲ್ಲಿನ ಕಾಲೇಜು ಹುಡುಗರಿಗೆ ಕೊಡಬಹುದಾದ ಒಳ್ಳೆಯ ಕೆಲಸ.

ಮಾತು ಮುಗಿಸುವ ಹೊತ್ತಿಗೆ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: ನಮ್ಮ ಸದಸ್ಯರು ಆಡಳಿತ ಪಕ್ಷದವರಲ್ಲವೇ, ಅವರು ತಮ್ಮ ಸರ್ಕಾರವನ್ನೇ ಕೇಳಬಹುದೇ? ಖಂಡಿತ ಕೇಳಬಹುದು. ವಿಪ್, ಅಂದರೆ ಪಕ್ಷ ತನ್ನ ಸದಸ್ಯರಿಗೆ ಕೊಡುವ ಆಜ್ಞೆ, ಅನ್ವಯಿಸುವುದು ಮತದಾನಕ್ಕೆ, ಪ್ರಶ್ನೆಗಲ್ಲ. 1957ರಲ್ಲಿ ಜೀವವಿಮಾ ನಿಗಮದ ಹಣ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಿಗೆ ಹೋದದ್ದನ್ನು ಲೋಕಸಭೆಯಲ್ಲಿ ಬಯಲಿಗೆಳೆದ ಫಿರೋಜ್ ಗಾಂಧಿ ಆಡಳಿತ ಪಕ್ಷದವರು, ಪ್ರಧಾನಿಯ ಅಳಿಯ. ಛಾಗ್ಲಾ ಆಯೋಗ ಬಹಿರಂಗ ವಿಚಾರಣೆ ನಡೆಸಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವರು ರಾಜೀನಾಮೆ ಕೊಟ್ಟರು. ಹಾಗಾಗಿ ಅಣ್ಣ, ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಪ್ರಶ್ನೆಗಳನ್ನು ಬರೆದು ಮೊದಲು ನಮ್ಮ ಮೂವರಿಗೇ ಕೊಡೋಣ. ಲೋಕಸಭೆಯಲ್ಲಿ ಒಂದು ಪ್ರಶ್ನೆ 150 ಪದ ಮೀರಬಾರದು, ನೆನಪಿರಲಿ. ಒಂದು ವಾರ ಕಾಯೋಣ. ಅವರು ಕೇಳದಿದ್ದರೆ ಅದೇ ಹಾಳೆಯ ಪ್ರತಿಯನ್ನು ಎದುರು ಬೆಂಚಿನವರಿಗೆ ಕಳಿಸೋಣ, ಕಳಿಸಿದ್ದೇವೆ ಎಂದು ನಮ್ಮವರಿಗೂ ತಿಳಿಸೋಣ.